ರಬ್ಬರ್ ಮೀನಿಗೆ ಮುತ್ತಿನ ಹೊಳಪು, ಶೆಟ್ಲಿಯ ವಾಸನೆ: ಒಂದು ಮಳೆಗಾಲದ ಎರಕದ ಲೆಕ್ಕ

ಗಾಳಕ್ಕೆ ಸಿಕ್ಕಿಸಿ ದೊಡ್ಡ ಮೀನನ್ನು ಮರುಳು ಮಾಡುವ ಮೆತ್ತನೆಯ ರಬ್ಬರ್ ಮೀನುಗಳಲ್ಲಿ ಹರಿದವನ್ನು ಎರಡು ವರ್ಷದಿಂದ ಕೂಡಿಟ್ಟಿದ್ದೆ, ಅವು ಮೇ ತಿಂಗಳ ಹೊತ್ತಿಗೆ ಐದು ಲೀಟರಿನ ಡಬ್ಬಿ ತುಂಬಿದ್ದವು. ಬಾಲ ಹೋದವು, ಗಾಳ ಚುಚ್ಚಿ ಚುಚ್ಚಿ ತಲೆ ಸೀಳಿದವು, ಕಾಂಡ್ಲಾ (ಉಪ್ಪುನೀರಿನ ಮ್ಯಾಂಗ್ರೋವ್ ಗಿಡ) ಬೇರಿಗೆ ಸಿಕ್ಕಿ ಅರ್ಧ ಮಾತ್ರ ಕೈಗೆ ಬಂದವು. ಕಾರವಾರದ ಕೋಡಿಬಾಗದ ದಂಡೆ, ಸದಾಶಿವಗಡದ ಕೆಳಗಿನ ಕಲ್ಲು, ಕಿನ್ನರದ ಕಡೆಯ ಹಿನ್ನೀರು, ಎಲ್ಲಿ ಗಾಳ ಹಾಕಿದರೂ ಹರಿದದ್ದನ್ನು ಜೇಬಿಗೆ ಹಾಕಿಕೊಂಡು ಬರುವ ರೂಢಿ ನನ್ನದು. ಜೊತೆಯವರದ್ದನ್ನೂ ಕೇಳಿ ತರುತ್ತೇನೆ. ಇವುಗಳಲ್ಲಿ ಹೆಚ್ಚಿನವು ಪಿವಿಸಿ ಎಂಬ ಪ್ಲಾಸ್ಟಿಕ್. ಕೊಳೆಯುವುದಿಲ್ಲ, ಕರಗುವುದಿಲ್ಲ, ನುಂಗಿದ ಮೀನಿನ ಹೊಟ್ಟೆಯಲ್ಲಿ ಹಾಗೇ ಕೂತುಬಿಡುತ್ತವೆ. ಅಂಥದ್ದನ್ನು ಕಾಳಿ ನದಿಗೆ ಎಸೆಯಲು ನನಗೆ ಮನಸ್ಸು ಬರುವುದಿಲ್ಲ.

ಈ ಸಲ ಅವನ್ನೇ ಕರಗಿಸಿ ಹೊಸದು ಮಾಡಬೇಕು ಎಂದು ಕೂತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಬೈತಖೋಲ್ ಬಂದರಿನಲ್ಲಿ ಟ್ರಾಲರುಗಳು ಸಾಲಾಗಿ ನಿಂತಿರುತ್ತವೆ. ನಮ್ಮಂಥ ಗಾಳದವರಿಗೆ ಆ ನಿಷೇಧ ಇಲ್ಲವಾದರೂ ನದಿ ಕೆಂಪಗೆ ತುಂಬಿ ಹರಿಯುವಾಗ ದಂಡೆಗೆ ಹೋಗಿ ಮಾಡುವುದೇನು? ಕೈಗೆ ಕೆಲಸ ಬೇಕಿತ್ತು.

ಬೇಕಾದದ್ದು ಒಂದೇ: ಶೇವಟೆ (ಮಲ್ಲೆಟ್ ಮೀನು) ಮರಿಯ ಹಾಗೆ ಕಾಣುವ, ಸುಮಾರು 10 ಸೆಂಟಿಮೀಟರಿನ ಮೀನು. ಚೋಣಕ್ ಎಂಬ ಬೇಟೆಮೀನು ಕಾಂಡ್ಲಾದ ನೆರಳಲ್ಲಿ ಹೊಂಚು ಹಾಕಿ ಹಿಡಿಯುವುದು ಅದನ್ನೇ. ಅಂಗಡಿಯಿಂದ ತರಿಸಿದ ಬಿಳಿ ಮೀನುಗಳನ್ನು ಕೈಯಲ್ಲಿ ಹಿಡಿದರೆ ಮುತ್ತಿನಂತೆ ಇರುತ್ತಿದ್ದವು, ಕಾಳಿಯ ನೀರಿಗೆ ಇಳಿಸಿದರೆ ಸುಣ್ಣದ ಕಡ್ಡಿ. ಅದು ಯಾಕೆ ಹಾಗೆ ಎನ್ನುವುದನ್ನು ಬಿಡಿಸಿಕೊಳ್ಳಲು ನನಗೆ ಇಡೀ ಮಳೆಗಾಲ ಹಿಡಿಯಿತು.

ಮೊದಲು ಅಚ್ಚು. ಪ್ಲಾಸ್ಟರ್ ಆಫ್ ಪ್ಯಾರಿಸ್ 1 ಕಿಲೋ, ನೀರು 700 ಗ್ರಾಂ. ಬಾಲ ಚೆನ್ನಾಗಿ ಉಳಿದಿದ್ದ ಒಂದು ಹಳೆಯ ಮೀನನ್ನೇ ಮಾದರಿ ಮಾಡಿ, ಬೆನ್ನು ಕೆಳಗೆ, ಹೊಟ್ಟೆ ಮೇಲೆ ಬರುವಂತೆ ಕೂರಿಸಿದೆ. ಮೆತ್ತಗಿನ ಮಾದರಿ ಆದ್ದರಿಂದ ಪ್ಲಾಸ್ಟರ್ ಗಟ್ಟಿಯಾದ ಮೇಲೆ ಬಾಲದ ತಟ್ಟೆಯೂ ಸಲೀಸಾಗಿ ಬಿಡಿಸಿಕೊಂಡು ಬಂತು. ಇಲ್ಲಿಯವರೆಗೆ ಒಂದು ಗಂಟೆಯ ಕೆಲಸ. ಒಣಗಿಸುವುದು ಮಾತ್ರ ಕಾರವಾರದ ಜೂನ್ ತಿಂಗಳಲ್ಲಿ ತಪಸ್ಸು. 1 ಕಿಲೋ ಪ್ಲಾಸ್ಟರ್ ಗಟ್ಟಿಯಾಗಲು ತನ್ನೊಳಗೆ ಕಟ್ಟಿಕೊಳ್ಳುವ ನೀರು 190 ಗ್ರಾಮಿಗೂ ಕಡಿಮೆ. ಉಳಿದ ಅರ್ಧ ಲೀಟರ್ ಅಚ್ಚಿನ ಸಣ್ಣ ಸಣ್ಣ ರಂಧ್ರಗಳಲ್ಲೇ ಕೂತಿರುತ್ತದೆ. ಅದರ ಮೇಲೆ 170 ಡಿಗ್ರಿಯ ಪ್ಲಾಸ್ಟಿಕ್ ಹೊಯ್ದರೆ ನೀರು ಉಗಿಯಾಗಿ ಎದ್ದು ಕುದಿಯುವ ಪ್ಲಾಸ್ಟಿಕ್ಕನ್ನು ಮುಖಕ್ಕೆ ಎರಚುತ್ತದೆ.

ಬಚ್ಚಲೊಲೆಯ ಪಕ್ಕದ ಗೂಡಿನಲ್ಲಿ ಇಟ್ಟೆ. ಒಲೆಯ ಮೇಲೇ ಇಡಬಾರದು, ಹೆಚ್ಚು ಬಿಸಿ ತಾಗಿದರೆ ಕಟ್ಟಿಕೊಂಡ ನೀರೂ ಹೋಗಿ ಅಚ್ಚು ಪುಡಿಪುಡಿಯಾಗುತ್ತದೆ. ಕೈ ಇಟ್ಟರೆ ತಡೆದುಕೊಳ್ಳುವಷ್ಟೇ ಬಿಸಿ ಸಾಕು. ದಿನಾ ಸಂಜೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಮೊದಲ ದಿನ 1,660 ಗ್ರಾಂ. ಹದಿನಾರನೇ ದಿನ 1,160. ಹದಿನೇಳು, ಹದಿನೆಂಟಕ್ಕೂ ಅಷ್ಟೇ. ತೂಕ ನಿಂತರೆ ಅಚ್ಚು ಒಣಗಿದೆ ಎಂದರ್ಥ, ಮುಟ್ಟಿ ನೋಡಿ ಹೇಳಲು ಆಗುವುದಿಲ್ಲ. ಆಮೇಲೆ ರೆಸಿನ್ ಆರ್ಟಿಗೆ ಬಳಸುವ ಎಪಾಕ್ಸಿಯನ್ನು ತೆಳುವಾಗಿ ಎರಡು ಸಲ ಬಳಿದೆ. ಆ ನುಣುಪು ಎರಕದ ಮೈಗೆ ಹಾಗೇ ಬರುತ್ತದೆ, ಮುಂದೆ ಮುತ್ತಿನ ಹೊಳಪಿಗೂ ಅದೇ ಆಧಾರ.

ಇನ್ನು ಪ್ಲಾಸ್ಟಿಕ್. ಹೊಸದನ್ನು ಪ್ಲಾಸ್ಟಿಸಾಲ್ ಎಂದು ಕೇಳಿ ತರಿಸಬೇಕು. ಪಿವಿಸಿಯ ನುಣ್ಣನೆಯ ಪುಡಿಯನ್ನು ಮೆದುಗೊಳಿಸುವ ಎಣ್ಣೆಯಲ್ಲಿ ಕದಡಿಟ್ಟ, ಹಾಲಿನಂಥ ದ್ರವ ಅದು. ಟೀ ಶರ್ಟಿನ ಮೇಲೆ ಛಾಪಿಸುವ ಬಣ್ಣದಲ್ಲಿ ಇರುವುದೂ ಇದೇ ಜಾತಿಯದ್ದು. ಪುಡಿ ತಳಕ್ಕೆ ಇಳಿದಿರುತ್ತದೆ, ಬಾಟಲಿಯನ್ನು ಚೆನ್ನಾಗಿ ಕುಲುಕದೆ ಮೇಲಿನದನ್ನಷ್ಟೇ ಬಗ್ಗಿಸಿಕೊಂಡರೆ ಎಂದೂ ಗಟ್ಟಿಯಾಗದ ಅಂಟು ಸಿಗುತ್ತದೆ. ಕಾಯಿಸುತ್ತ ಹೋದರೆ ಮೊದಲು ಗಂಜಿಯಂತೆ ದಪ್ಪಗಾಗಿ ಇನ್ನು ಕೆಟ್ಟಿತು ಅನ್ನಿಸುತ್ತದೆ. ಬಿಡದೆ ತಿರುವುತ್ತ 165ರಿಂದ 175 ಡಿಗ್ರಿಗೆ ತಂದರೆ ಒಮ್ಮೆಗೇ ತಿಳಿಯಾಗಿ, ಎಣ್ಣೆಯಂತೆ ಹರಿಯುತ್ತದೆ. 190 ದಾಟಿದರೆ ಹಳದಿ, ಆಮೇಲೆ ಕಂದು, ಜೊತೆಗೆ ಮೂಗು ಸುಡುವ ಹೊಗೆ. ಆ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಅಂದರೆ ಆಮ್ಲ. ಜುಲೈ ಮೊದಲ ವಾರ ಫೋನಿನಲ್ಲಿ ಮಾತಾಡುತ್ತ ಒಂದು ತೋಪು ಪೂರ್ತಿ ಸುಟ್ಟೆ. ಜಗಲಿಯ ತುದಿಯಲ್ಲಿ, ಬೆನ್ನ ಹಿಂದೆ ಫ್ಯಾನ್ ಇಟ್ಟುಕೊಂಡು ಕೂತಿದ್ದರಿಂದ ಬಚಾವಾದೆ. ಆಸಿಡ್ ಗ್ಯಾಸ್ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಇಲ್ಲದೆ ಇದಕ್ಕೆ ಕೈಹಾಕಬೇಡಿ, ಬಟ್ಟೆಯ ಮಾಸ್ಕ್ ಇಲ್ಲಿ ಉಪಯೋಗಕ್ಕಿಲ್ಲ. ಕಾಯಿಸುವುದು ಕರೆಂಟಿನ ಕಾಯಿಲ್ ಒಲೆಯ ಮೇಲೆ, ಗ್ಯಾಸಿನ ಬೆಂಕಿಯ ಮೇಲೆ ಬೇಡ. ಉಷ್ಣತೆ ನೋಡಲು ದ್ರವದೊಳಗೆ ಅದ್ದುವ ಕಡ್ಡಿಯ ಥರ್ಮಾಮೀಟರ್.

"ತಮಾ, ಆ ತೋಪು ಇನ್ನು ನನ್ನ ಅಡುಗೆಮನೆ ಹೊಸಿಲು ದಾಟಲಾಗ" ಎಂದಳು ಆಯಿ. ಅವಳು ಹೇಳುವ ಮೊದಲೇ ತೋಪು, ಚಮಚ, ಸೋಸುವ ಜರಡಿ ಎಲ್ಲಕ್ಕೂ ಕೆಂಪು ಪೇಂಟಿನ ಗುರುತು ಹಾಕಿದ್ದೆ. ಈ ಕೆಲಸದ ಪಾತ್ರೆ ಮತ್ತೆ ಊಟದ್ದಾಗುವಂತಿಲ್ಲ.

ಹಳೆಯ ಮೀನುಗಳನ್ನು ಕರಗಿಸುವ ಮೊದಲು ಒಂದು ಆಯ್ಕೆ ಮಾಡಬೇಕು. ಎಳೆದರೆ ರಬ್ಬರ್ ಬ್ಯಾಂಡಿನಂತೆ ಮೊಳದುದ್ದ ಹಿಗ್ಗುವುವು ಪಿವಿಸಿ ಅಲ್ಲ, ಟಿಪಿಇ ಎಂಬ ಬೇರೆ ಜಾತಿಯ ಪ್ಲಾಸ್ಟಿಕ್. ಅವು ಇದರ ಜೊತೆ ಬೆರೆಯುವುದಿಲ್ಲ, ಒಂದೇ ಡಬ್ಬಿಯಲ್ಲಿಟ್ಟರೂ ಒಂದನ್ನೊಂದು ಕರಗಿಸಿ ಅಂಟಾಗುತ್ತವೆ. ತಯಾರಿಸುವಾಗಲೇ ಉಪ್ಪು ಬೆರೆಸಿದ ರಬ್ಬರ್ ಮೀನುಗಳು ಒಳಗೆ ನೀರು ಹೀರಿಕೊಂಡಿರುತ್ತವೆ, ಅವನ್ನು ಚೂರು ಮಾಡಿ ನಾಲ್ಕು ದಿನ ಬಚ್ಚಲೊಲೆಯ ಪಕ್ಕ ಹರಡಿದೆ. ಎಲ್ಲ ಬಣ್ಣ ಸೇರಿ ಕರಗಿದಾಗ ಬಂದದ್ದು ಕೊಳೆತ ಎಲೆಯ ಹಸಿರುಗಂದು. ಮೊದಲು ಬೇಜಾರಾಯಿತು. ಆಮೇಲೆ ಬುಟ್ಟಿಯಲ್ಲಿದ್ದ ಶೇವಟೆಯನ್ನು ತಿರುಗಿಸಿ ನೋಡಿದೆ: ಬೆನ್ನು ಇದೇ ಬಣ್ಣ! ಅಲ್ಲಿಗೆ ಯೋಜನೆ ನಿಂತಿತು. ಹಳೆಯದು ಬೆನ್ನಿಗೆ, ಹೊಸ ತಿಳಿ ಪ್ಲಾಸ್ಟಿಸಾಲ್ ಮುತ್ತಿನ ಹೊಟ್ಟೆಗೆ. ಅಚ್ಚನ್ನು ಬೆನ್ನು ಕೆಳಗಾಗಿ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಹಳೆಯ ಪ್ಲಾಸ್ಟಿಕ್ ಪ್ರತಿ ಸಲ ಕಾದಾಗಲೂ ಅದರೊಳಗಿನ, ಬಿಸಿಗೆ ಕೆಡದಂತೆ ಕಾಯುವ ಸ್ಟೆಬಿಲೈಸರ್ ಖರ್ಚಾಗುತ್ತ ಹೋಗುತ್ತದೆ, ಹಾಗಾಗಿ ಹೊಸದಾಗಿ ಒಂದಿಷ್ಟು ಸೇರಿಸಿದೆ.

ಈಗ ಮುತ್ತಿನ ಪುಡಿಗೆ ಬರುತ್ತೇನೆ. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ಕಡಿಮೆಯೇ.

ಹೆಸರು ಪರ್ಲ್ ಆದರೂ ಅದರಲ್ಲಿ ಮುತ್ತಿಲ್ಲ. ಅದು ಅಭ್ರಕ, ನಮ್ಮ ಕಾಗೆಬಂಗಾರ. ಅಭ್ರಕದ ಹುಡಿಯಷ್ಟು ಸಣ್ಣ ಹಾಳೆಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಅತಿ ತೆಳು ಲೇಪ. ಲೇಪದ ಮೇಲ್ಮೈಯಿಂದ ಸ್ವಲ್ಪ ಬೆಳಕು ಹಿಂದಿರುಗುತ್ತದೆ, ತಳದಿಂದ ಸ್ವಲ್ಪ. ಎರಡೂ ಕೂಡಿಕೊಂಡು ಕೆಲವು ಬಣ್ಣವನ್ನು ಏರಿಸುತ್ತವೆ, ಕೆಲವನ್ನು ಅಳಿಸುತ್ತವೆ. ಲೇಪ ದಪ್ಪವಾದಂತೆ ಬೆಳ್ಳಿ, ಹಳದಿ, ಕೆಂಪು, ನೀಲಿ, ಹಸಿರು ಎಂದು ಹೊಳಪು ಬದಲಾಗುತ್ತದೆ, ಒಂದು ತೊಟ್ಟು ಬಣ್ಣ ಹಾಕದೆಯೇ. ಕಬ್ಬಿಣದ ಆಕ್ಸೈಡ್ ಲೇಪಿಸಿದರೆ ತಾಮ್ರ, ಕಂಚು. ಚಿಪ್ಪಿಕಲ್ಲಿನ ಒಳಮೈ ಹೊಳೆಯುವುದೂ ಹೀಗೇ, ಅಲ್ಲಿ ಸುಣ್ಣದ ತೆಳು ಪದರಗಳು ಒಂದರ ಮೇಲೊಂದು ಪೇರಿಸಿರುತ್ತವೆ. ಮೀನಿನ ಹೊಟ್ಟೆಯ ಬೆಳ್ಳಿಗೆ ಕಾರಣ ಗ್ವಾನಿನ್ ಎಂಬ ವಸ್ತುವಿನ ಚಪ್ಪಟೆ ಹರಳುಗಳು. ಹಿಂದೆ ಫ್ರಾನ್ಸಿನಲ್ಲಿ ಸಣ್ಣ ಮೀನಿನ ಹುರುಪೆ ಕೆರೆದು ಅದರ ಹೊಳಪು ತೆಗೆದು ಗಾಜಿನ ಮಣಿಗೆ ತುಂಬಿ ನಕಲಿ ಮುತ್ತು ಮಾಡುತ್ತಿದ್ದರು. ಅವರು ಮೀನಿನಿಂದ ಮುತ್ತು ಮಾಡಿದರು, ನಾನು ಮುತ್ತಿನ ಹೊಳಪಿನಿಂದ ಮೀನು ಮಾಡಲು ಹೊರಟಿದ್ದೆ. ಜಗಲಿಯಲ್ಲಿ ಕೂತು ಇದನ್ನು ನೆನೆದಾಗ ಕೆಲಸದ ಮೇಲೆ ಪ್ರೀತಿ ಇನ್ನಷ್ಟು ಬಂತು.

ಪುಡಿಯನ್ನು ಎರಡು ಕಡೆಯಿಂದ ತಂದೆ. ಗಣಪತಿ ಮಾಡುವವರೊಬ್ಬರು ಕಿರೀಟಕ್ಕೆ ಬಳಿಯುವ ನೇರಳೆ ಪುಡಿಯಲ್ಲಿ ಒಂದು ಚಮಚ ಕೊಟ್ಟರು. ಅದು 170 ಡಿಗ್ರಿಯಲ್ಲಿ ನನ್ನ ಕಣ್ಣೆದುರೇ ಕಂದಾಯಿತು. ಅಭ್ರಕಕ್ಕಾಗಲಿ ಟೈಟಾನಿಯಂ ಡೈಆಕ್ಸೈಡಿಗಾಗಲಿ ಆ ಬಿಸಿ ಏನೂ ಅಲ್ಲ, ಸುಟ್ಟದ್ದು ಮೇಲೆ ಹಾಕಿದ್ದ ಬಣ್ಣ. ಮಣ್ಣಿನ ಮೂರ್ತಿಗೆ ಅದು ಚೆನ್ನ, ಎರಕಕ್ಕೆ ಆಗದು. ರೆಸಿನ್ ಕೆಲಸದ ಬಿಳಿ ಪುಡಿ, 10ರಿಂದ 60 ಮೈಕ್ರಾನಿನದ್ದು, ಏನೂ ಆಗದೆ ಉಳಿಯಿತು.

100 ಮಿಲಿಲೀಟರ್ ಪ್ಲಾಸ್ಟಿಸಾಲಿಗೆ 1.5 ಗ್ರಾಂ ಹಾಕಿ ಮೊದಲ ಹತ್ತು ಮೀನು ಹೊಯ್ದೆ. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಇದಕ್ಕೆ ಬೇಕೇ ಬೇಕು, ಚಿಟಿಕೆಯ ಲೆಕ್ಕ ದಿನಕ್ಕೊಂದು ಆಗುತ್ತದೆ. ಪುಡಿ ಗಂಟುಗಂಟಾಗಿ ಬಿಳಿ ಚುಕ್ಕೆಗಳು ಬಿದ್ದವು. ಎರಡನೇ ಸಲ ಪುಡಿಯನ್ನು ಮೊದಲು ಒಂದು ಚಮಚ ಸಾಫ್ಟನರಿನಲ್ಲಿ (ಮೆದುಗೊಳಿಸುವ ಎಣ್ಣೆ) ಕಲಸಿ, ರಾಗಿ ಹಿಟ್ಟು ಕದಡಿದ ಹಾಗೆ ಮಾಡಿ, ಆಮೇಲೆ ಬಿಸಿಯದಕ್ಕೆ ಸೇರಿಸಿದೆ. ಗಂಟು ಹೋಯಿತು. ಅಭ್ರಕ ಭಾರ, ತಳಕ್ಕೆ ಇಳಿಯುತ್ತದೆ, ಪ್ರತಿ ಮೀನಿಗೂ ಮುಂಚೆ ಒಮ್ಮೆ ತಿರುವಬೇಕು. ಜೋರಾಗಿ ತಿರುವಿದರೆ ಗುಳ್ಳೆ.

ಮೇಜಿನ ಮೇಲೆ ಆ 1.5 ಗ್ರಾಮಿನವು ಬಹಳ ಚಂದ ಇದ್ದವು. ಅಣ್ಣನ ಮಗಳು ಒಂದನ್ನು ಆಟಕ್ಕೆ ಕೇಳಿ ಅತ್ತಳು. ಕೊಡಲಿಲ್ಲ, ಇದರ ಎಣ್ಣೆ ಮಕ್ಕಳ ಬಾಯಿಗೆ ಹೋಗುವಂಥದ್ದಲ್ಲ. ಸಂಜೆ ತಂಗೂಸಿಗೆ ಕಟ್ಟಿ ಜೆಟ್ಟಿಯಿಂದ ಮೊಣಕಾಲುದ್ದ ನೀರಿಗೆ ಇಳಿಸಿದೆ. ಮತ್ತೆ ಅದೇ ಸುಣ್ಣದ ಕಡ್ಡಿ. ಅಂಗಡಿಯ ಮೀನಿನ ತಪ್ಪನ್ನು ನಾನೂ ಮಾಡಿದ್ದೆ. ಹಾಳೆಗಳು ಹೆಚ್ಚಾದರೆ ಮೇಲಿನವು ಕೆಳಗಿನವನ್ನು ಮುಚ್ಚುತ್ತವೆ. ಬೆಳಕು ಒಳಗೆ ಹೋಗಿ, ಬೇರೆ ಬೇರೆ ಆಳದಲ್ಲಿ ಬೇರೆ ಬೇರೆ ಹಾಳೆಗೆ ತಾಗಿ ಮರಳಿ ಬರುವುದೇ ಹೊಳಪಿನ ಜೀವ. ಅದಕ್ಕೆ ಜಾಗವೇ ಇಲ್ಲದಾಗ ಬರೀ ಬಿಳುಪು ಉಳಿಯುತ್ತದೆ.

0.2 ಗ್ರಾಂ ಹಾಕಿದ್ದು ಬಾವಿಯ ನೀರಿನ ಗಾಜಿನ ಭರಣಿಯಲ್ಲಿ ಜೀವಂತ ಮರಿಯೇ. ಅದೇ ಭರಣಿಗೆ ಆಗಸ್ಟಿನ ಕಾಳಿ ನೀರು ತುಂಬಿದರೆ ಮೀನು ಎಲ್ಲಿದೆ ಎಂದೇ ಗೊತ್ತಾಗಲಿಲ್ಲ. ಹೀಗೆ ಮೇಲೆ ಕೆಳಗೆ ಮಾಡುತ್ತ ಮಳೆ ಕಡಿಮೆಯಾದ ಮೇಲಿನ ಮಬ್ಬು ನೀರಿಗೆ 0.5 ಗ್ರಾಂ ಎಂದು ಗೊತ್ತಾಯಿತು. ಡಿಸೆಂಬರಿನ ಹಸಿರು ತಿಳಿನೀರಿಗೆ 0.2 ಇಟ್ಟುಕೊಂಡಿದ್ದೇನೆ. ನಿಮ್ಮೂರಿನ ಹೊಳೆಗೆ ಲೆಕ್ಕ ಬೇರೆ ಬರಬಹುದು, ನಿಮ್ಮ ಹೊಳೆಯ ನೀರನ್ನೇ ಭರಣಿಗೆ ತುಂಬಿ ನೋಡಿ.

ಇನ್ನೊಂದು ಪುಡಿಯಿದೆ, ಇಂಟರ್‌ಫೆರೆನ್ಸ್ ಪರ್ಲ್. ಡಬ್ಬಿಯಲ್ಲಿ ಬಿಳಿ, ಕಪ್ಪಿನ ಮೇಲೆ ಬಿದ್ದರೆ ನೀಲಿ. ಬಿಳಿ ಹೊಟ್ಟೆಗೆ ಹಾಕಿ ದಂಡ ಮಾಡಿದೆ, ಹಿಂದೆ ಕಪ್ಪಿಲ್ಲದೆ ಅದರ ನೀಲಿ ಕಾಣುವುದಿಲ್ಲ. ಬೆನ್ನಿನ ಹಸಿರುಗಂದಿಗೆ 0.3 ಗ್ರಾಂ ಹಾಕಿದಾಗ ಆಗ ತಾನೇ ಬಲೆಯಿಂದ ಬಿಡಿಸಿದ ಬಂಗಡೆಯ ಬೆನ್ನಿನ ಮೇಲೆ ಓಡುವ ನೀಲಿ ಮಿಂಚು ಬಂತು.

ವಾಸನೆಯ ಕಥೆ ಇದಕ್ಕಿಂತ ಗೋಜಲು. ಮೀನಿನ ಮೂಗಿನ ತೂತುಗಳು ಗಂಟಲಿಗೆ ಸೇರಿಲ್ಲ. ನೀರು ಒಂದು ತೂತಿನಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಬರುವಾಗ, ಅದರಲ್ಲಿ ಕರಗಿದ್ದನ್ನು ಅದು ಮೂಸುತ್ತದೆ. ಶೆಟ್ಲಿ (ಸೀಗಡಿ), ಚಿಪ್ಪಿಯ ಮಾಂಸದಲ್ಲಿರುವ ಗ್ಲೈಸಿನ್, ಬೀಟೈನ್‌ನಂಥವು ನೀರಿನಲ್ಲಿ ಕರಗುತ್ತವೆ. ಎಣ್ಣೆ ಕರಗುವುದಿಲ್ಲ. ಆದರೆ ಪ್ಲಾಸ್ಟಿಸಾಲ್ ಒಪ್ಪುವುದು ಎಣ್ಣೆಯನ್ನು ಮಾತ್ರ, ನೀರನ್ನಲ್ಲ. ಮೀನಿಗೆ ಬೇಕಾದ್ದೊಂದು, ಎರಕ ತಡೆಯುವುದು ಇನ್ನೊಂದು.

ಬೆಳ್ಳುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಕಾಯಿಸಿ ಸೋಸಿ ಹಾಕಿದ್ದು ಮೊದಲ ಪ್ರಯತ್ನ. ವಾಸನೆ ಬಿಸಿಗೆ ಹಾರಿಹೋಯಿತು, ಎಣ್ಣೆ ಮಾತ್ರ ಮರುದಿನ ಮೀನಿನ ಮೈಯಿಂದ ಬೆವರಿನಂತೆ ಒಸರಿತು. ಅಡುಗೆ ಎಣ್ಣೆಗಳು ಪಿವಿಸಿಯೊಳಗೆ ನಿಲ್ಲುವುದಿಲ್ಲ. ಸೋಯಾ ಎಣ್ಣೆಯನ್ನು ಎಪಾಕ್ಸಿಡೈಸ್ ಮಾಡಿ ಪ್ಲಾಸ್ಟಿಕ್ ಕಾರ್ಖಾನೆಗಳು ಬಳಸುತ್ತವೆ, ಅದು ನಿಲ್ಲುತ್ತದೆ, ಹಸಿ ಎಣ್ಣೆ ಅಲ್ಲ. ಎರಡನೇ ಪ್ರಯತ್ನ ಕೇಕಿಗೆ ಹಾಕುವ ಎಸೆನ್ಸ್. ಅದರಲ್ಲಿ ನೀರಿತ್ತು. ನಾಲ್ಕು ಹನಿ ಬಿದ್ದದ್ದೇ ತೋಪು ಸಿಡಿದು ಬಲ ಮುಂಗೈಯಲ್ಲಿ ಎರಡು ಬೊಬ್ಬೆ. ಸುಟ್ಟ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಒರೆಸಲು ಬರುವುದಿಲ್ಲ. ತಣ್ಣೀರಿನ ಕೆಳಗೆ ಕೈ ಹಿಡಿದು ಬಹಳ ಹೊತ್ತು ಕೂತೆ. ಅವತ್ತಿನಿಂದ ತೋಳುದ್ದದ ಅಂಗಿ, ಚರ್ಮದ ಕೈಗವಸು, ಕನ್ನಡಕ ಇಲ್ಲದೆ ಒಲೆ ಹಚ್ಚುವುದಿಲ್ಲ.

ನೆರೆಮನೆಯ ಮಾವ ಕೈಗಾಳದಲ್ಲಿ ಐವತ್ತು ವರ್ಷ ಕಳೆದವರು. ಜಗಲಿಗೆ ಬಂದು ನೋಡಿ, "ಎಂತದು ತಮಾ, ಮೀನಿಗೆ ಅತ್ತರು ಹಚ್ಚೂದನಾ?" ಎಂದರು.

"ಅತ್ತರಲ್ಲ ಮಾವ, ಬಾಯಿಗೆ ಹಾಕಿದ ಮೇಲೆ ಉಗುಳದೆ ಇರಲಿ ಅಂತ."

"ಹಂಗಾದ್ರೆ ಒಣ ಶೆಟ್ಲಿ ಹಾಕು. ಅದರ ಬಾಯಿಗೆ ರುಚಿ ಯಾವುದು ಅಂತ ಅದಕ್ಕೆ ಗೊತ್ತಿಲ್ವಾ?"

ಹೌದಲ್ಲ. ಚೋಣಕ್ ಹೆಚ್ಚಾಗಿ ಕಣ್ಣಿನಿಂದ, ನೀರಿನ ಅಲುಗಾಟದಿಂದ ಬೇಟೆಯಾಡುವ ಮೀನು. ವಾಸನೆ ದೂರದಿಂದ ಕರೆಯುವುದಕ್ಕಲ್ಲ, ಕಚ್ಚಿದ ಮೇಲೆ ಒಂದು ಕ್ಷಣ ಹೆಚ್ಚು ಹಿಡಿದುಕೊಳ್ಳುವುದಕ್ಕೆ. ನನ್ನ ಕೈಗೆ ಆ ಒಂದು ಕ್ಷಣ ಸಾಕು.

ಒಣ ಶೆಟ್ಲಿಯನ್ನು ಬಾಣಲೆಯಲ್ಲಿ ಗರಿಗರಿಯಾಗಿ ಹುರಿದು, ಬೀಸಿ, ಪಂಚೆಯ ಬಟ್ಟೆಯಲ್ಲಿ ಜರಡಿ ಹಿಡಿದೆ. ಹುರಿಯದೆ ಹಾಕಿದರೆ ಮಳೆಗಾಲದ ತೇವಕ್ಕೆ ಮತ್ತೆ ಸಿಡಿತ. 100 ಮಿಲಿಲೀಟರಿಗೆ 3 ಗ್ರಾಂ. ಮುತ್ತಿನ ಹೊಟ್ಟೆಗೆ ಹಾಕಿದ ಪ್ರಯೋಗ ಕೆಟ್ಟಿತು, ಪುಡಿ ಬೆಳಕನ್ನೆಲ್ಲ ನುಂಗಿ ಮುತ್ತು ಮಣ್ಣಾಯಿತು. ಹೊಳಪು ಮತ್ತು ರುಚಿ ಒಂದೇ ಪದರದಲ್ಲಿ ಇರಲಾರವು. ಹಾಗಾಗಿ ಶೆಟ್ಲಿ ಬೆನ್ನಿಗೆ ಹೋಯಿತು, ಅಲ್ಲಿ ಹೇಗೂ ಮಬ್ಬೇ ಬೇಕು. ಹೊಟ್ಟೆಗೆ ಸೋಂಪಿನ ಎಣ್ಣೆ ಆರು ಹನಿ. ಅದರ ಮುಖ್ಯ ಅಂಶ ಅನೆಥೋಲ್ 234 ಡಿಗ್ರಿಯಲ್ಲಿ ಕುದಿಯುತ್ತದೆ, ಹಾಗಾಗಿ ಎರಕದ ಬಿಸಿಯಲ್ಲಿ ಪೂರ್ತಿ ಹಾರುವುದಿಲ್ಲ. ಆದರೂ ಒಲೆಯ ಮೇಲೆ ಹಾಕಬೇಡಿ. ತೋಪನ್ನು ಕೆಳಗಿಳಿಸಿ, 150ಕ್ಕೆ ಬಂದ ಮೇಲೆ ಹಾಕಿ, ಎರಡು ಸುತ್ತು ತಿರುವಿ, ತಕ್ಷಣ ಹೊಯ್ಯಬೇಕು. ತಡವಾದರೆ ದಪ್ಪಗಾಗಿ ಬಾಲದ ತುದಿಗೆ ಇಳಿಯುವುದಿಲ್ಲ. ನನ್ನ ಕೈಯ ಸಾಬೂನು, ಪೆಟ್ರೋಲು ವಾಸನೆಯನ್ನು ಮುಚ್ಚುವುದೇ ಸೋಂಪಿನ ದೊಡ್ಡ ಉಪಕಾರ ಎಂದು ನನ್ನ ನಂಬಿಕೆ.

ಪ್ಲಾಸ್ಟಿಕ್ಕಿನ ಒಳಗೆ ಹುದುಗಿದ ಶೆಟ್ಲಿ ನೀರಿಗೆ ಬಿಡುವುದು ಮೈಮೇಲಿನಷ್ಟನ್ನೇ. ಅದಕ್ಕೆ ಹೊಟ್ಟೆಯ ನಡುವೆ, ಗಾಳ ಅಡಗುವ ಸೀಳನ್ನು ಬ್ಲೇಡಿನಿಂದ ಸ್ವಲ್ಪ ಆಳ ಮಾಡಿ, ಶೆಟ್ಲಿ ಪುಡಿಯನ್ನು ಮೀನೆಣ್ಣೆಯಲ್ಲಿ ಕಲಸಿ ಅಲ್ಲಿ ತುರುಕುತ್ತೇನೆ. ಹತ್ತು ಹನ್ನೆರಡು ಎಸೆತಕ್ಕೆ ಒಮ್ಮೆ ತುಂಬಬೇಕು.

ಎರಡು ಪದರದ ಎರಕಕ್ಕೆ ಇಬ್ಬರು ಬೇಕು. ಅಣ್ಣ ಬೆನ್ನಿನದನ್ನು ಅರ್ಧ ಅಚ್ಚಿಗೆ ಹೊಯ್ದ ಮೇಲೆ ಇಪ್ಪತ್ತು ಎಣಿಸಿ ನಾನು ಹೊಟ್ಟೆಯದನ್ನು ಹೊಯ್ಯುತ್ತಿದ್ದೆ. ಕೂಡಲೇ ಹೊಯ್ದರೆ ಎರಡೂ ಕಲಸಿಹೋಗುತ್ತವೆ. ನಿಮಿಷ ಬಿಟ್ಟರೆ ಬೆಸೆಯುವುದಿಲ್ಲ, ಗಾಳಕ್ಕೆ ಹಾಕಿದ ದಿನವೇ ಸಿಪ್ಪೆಯಂತೆ ಬಿಡುತ್ತದೆ. ತಲೆಯ ಕಡೆಯಿಂದ ಒಂದೇ ಸಮ ತೆಳು ಧಾರೆ ಬಿಟ್ಟರೆ ಅಭ್ರಕದ ಹಾಳೆಗಳು ಹರಿವಿನ ದಿಕ್ಕಿಗೆ ಮಲಗಿ ಹೊಟ್ಟೆಯುದ್ದ ಒಂದೇ ಹೊಳಪು ಬರುತ್ತದೆ. ಧಾರೆ ಕಡಿದರೆ ಅಲ್ಲೊಂದು ಗೆರೆ. ತಣಿಯುವಾಗ ನಡು ಕುಗ್ಗುತ್ತದೆ, ಮೇಲೊಂದು ಚಮಚ ಸೇರಿಸಬೇಕು. ಸೆಪ್ಟೆಂಬರ್ ಹೊತ್ತಿಗೆ ನಲವತ್ತೆರಡು ಮೀನು ತಯಾರಾದವು. ಬಣ್ಣ ಒಂದರಿಂದ ಒಂದಕ್ಕೆ ಇಳಿಯುವುದರಿಂದ ಬೇರೆ ಬೇರೆ ಪ್ಯಾಕೆಟ್ಟಿನಲ್ಲಿ, ಬಾಲ ಮಡಚದಂತೆ ಇಟ್ಟೆ. ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ ಬೇಡ, ಅದರ ತಳವನ್ನೇ ಇವು ಕರಗಿಸುತ್ತವೆ. ಮಡಚಿದ ಬಾಲವನ್ನು ಬಿಸಿನೀರಿಗೆ ಅದ್ದಿದರೆ ನೇರವಾಗುತ್ತದೆ.

ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದ ಮೇಲೆ ನಾನು ಆ ಕಂಬಗಳ ಕಡೆ ಗಾಳ ಹಾಕುವುದಿಲ್ಲ. ಅಕ್ಟೋಬರ್ ಮೊದಲ ಭಾನುವಾರ ಮಾವನ ದೋಣಿಯಲ್ಲಿ ಕಿನ್ನರದ ಕಡೆ ಹೋದೆವು. ಇಳಿತ ಶುರುವಾಗಿ ಕಾಂಡ್ಲಾದೊಳಗಿನ ನೀರು ಹೊರಗೆ ಬರುವ ಹೊತ್ತು. 0.5ರ ಹೊಟ್ಟೆಯ ಮೀನು ಆ ಮಬ್ಬಿನಲ್ಲಿ ತಿರುಗಿದಾಗಲೆಲ್ಲ ಒಮ್ಮೆ ಹೊಳೆದು ಮಾಯವಾಗುತ್ತಿತ್ತು, ನಿಜವಾದ ಶೇವಟೆ ಮಗ್ಗುಲು ಬದಲಿಸಿದ ಹಾಗೆ. ಒಂಬತ್ತನೇ ಎಸೆತಕ್ಕೆ ಒಂದು ತಾಂಬೋಶಿ ಮೀನು. ಅರ್ಧ ಗಂಟೆ ಬಿಟ್ಟು ಚೋಣಕ್, ಒಂದು ಕಿಲೋ ಕೂಡ ಇರಲಿಲ್ಲ, ಬಿಟ್ಟೆವು. ಮತ್ತೊಂದು ಎರಡು ಕಿಲೋ ಮೇಲಿನದು, ಮೇಲಿನ ತುಟಿಯ ಒಳಗೆ ಗಾಳ ಕೂತಿತ್ತು, ರಬ್ಬರ್ ಪೂರ್ತಿ ಬಾಯೊಳಗಿತ್ತು. ಮಾವ ಅದನ್ನು ಬಿಡಿಸಿ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಬಾಲದ ಬುಡ ಸಪೂರಾತು ತಮಾ, ಬಿಟ್ಟು ಬಂತು ನೋಡು" ಎಂದು ತೋರಿಸಿದರು. ನಿಜ, ಎರಡು ಪದರ ಸೇರುವ ಗೆರೆ ಬಾಲದ ಬುಡದಲ್ಲೇ ಬಂದಿತ್ತು, ಅಲ್ಲೇ ಬಿರುಕು. ಅಚ್ಚಿನ ತಲೆಯ ಕಡೆ ಎರಡು ಮಿಲಿಮೀಟರಿನ ಚಕ್ಕೆ ಕೊಟ್ಟು ಬಾಲದತ್ತ ಓರೆ ಮಾಡಿದರೆ ಬೆನ್ನಿನ ಪದರ ಅತ್ತ ಹರಿದು ಬಾಲ ಪೂರ್ತಿ ಒಂದೇ ಪ್ಲಾಸ್ಟಿಕ್ಕಿನದ್ದಾಗುತ್ತದೆ. ಚಕ್ಕೆ ಕೆತ್ತಿಟ್ಟಿದ್ದೇನೆ, ಈ ವಾರ 0.2ರ ತಿಳಿನೀರಿನ ಎರಕವನ್ನು ಹಾಗೆಯೇ ಹೊಯ್ಯುವುದು.